ಡಿವೋಷನ್ ಎಂಬ ಹರಕೆ

ಇಂಗ್ಲಿಷ್ ಹೇಳಿಕೊಡುವುದು ನನ್ನ ಕಸುಬು. ಜೋಗುಪಾಳ್ಯದ ಮಹಡಿ ಮೇಲೊಂದು ಕೋಣೆ, ಹತ್ತು ಕುರ್ಚಿ, ಒಂದು ಬೋರ್ಡು. ಪದ ಕಲಿಸಿ ಅದರ ಹುಟ್ಟುಮೂಲ ಹೇಳದೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ದೇವರ ಸುತ್ತಲಿನ ಪದಗಳೆಂದರೆ ಇನ್ನೂ ಹುಚ್ಚು. ‘ಬ್ಲೆಸ್’ ಎಂಬ ಮೆತ್ತನೆಯ ಪದದ ಬೇರಿನಲ್ಲಿ ಬಲಿಯ ರಕ್ತವಿದೆ ಎಂದಾಗ ಯಾರಾದರೊಬ್ಬರು ಮುಖ ಕಿವುಚುತ್ತಾರೆ. ‘ಕ್ರೀಡ್’ ಎಂಬುದೂ ನಮ್ಮ ‘ಶ್ರದ್ಧೆ’ಯೂ ಒಂದೇ ಬಳ್ಳಿಯವು, ಹೃದಯವನ್ನು ಒಂದು ಕಡೆ ಇಡುವುದೇ ಎರಡರ ಮೂಲಾರ್ಥ ಎಂದರೆ ನಂಬುವುದೇ ಇಲ್ಲ.

ಹೋದ ವರ್ಷ ನನ್ನ ಗಂಟಲಿಗೆ ಆಪರೇಷನ್ ಆಯಿತು. ದನಿ ಮರಳುವ ಭರವಸೆ ಕೊಡಲಾರೆ ಎಂದರು ಡಾಕ್ಟರು. ದನಿಯಿಲ್ಲದ ಟೀಚರಿಗೆ ಇನ್ನೇನು ಉಳಿಯುತ್ತದೆ? ಹೆದರಿಬಿಟ್ಟಿದ್ದೆ. ಹಲಸೂರಿನ ಹಳೇ ಒಕ್ಕಲು ಮನೆಯ ನನ್ನಮ್ಮ ಯಾರನ್ನೂ ಕೇಳದೆ ಶಿವಾಜಿನಗರದ ಚರ್ಚಿಗೆ ಹೋಗಿ ಮಾತೆಗೆ ಹರಕೆ ಹೊತ್ತು ಬಂದಳು. ಎರಡು ತಿಂಗಳಿಗೆ ದನಿ ಬಂತು, ಸ್ವಲ್ಪ ಒರಟಾಗಿ.

“ನಡಿ, ಮಾತೆಗೆ ಮಡಿಲು ತುಂಬಿಸ್ಬೇಕು,” ಎಂದಳು ಅಮ್ಮ. ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು, ರವಿಕೆ ಕಣ ಎಲ್ಲ ಚೀಲಕ್ಕೆ ತುಂಬಿಯಾಗಿತ್ತು. ತವರಿಂದ ಹೊರಟ ಮಗಳ ಸೆರಗಿಗೆ ಹಾಕುವ ಮಡಿಲಕ್ಕಿ ಅದು.

“ಅಮ್ಮಾ, ಅಲ್ಲಿ ಕ್ಯಾಂಡಲ್ ಹಚ್ತಾರೆ, ಹೂವು ಕೊಡ್ತಾರೆ. ಇದೆಲ್ಲ ಇಲ್ಲ. ಆಕೆ ಕನ್ಯೆ ಕಣಮ್ಮಾ.”

“ತಾಯಿ ಅಂದ್ಮೇಲೆ ಮಡಿಲಿರಲ್ವೇನೇ?”

ಹರಕೆ ತೀರಿಸದಿದ್ದರೆ ಬಂದ ದನಿ ಹೊರಟುಹೋಗುತ್ತದೆ ಎಂಬ ಭಯ ಅವಳಿಗೆ. ನನಗೆ ಆ ಭಯ ಇರಲಿಲ್ಲ ಎಂದರೆ ಸುಳ್ಳಾದೀತು. ತೀರಿಸಿಯೇ ಬರುವುದೆಂದು ಹೊರಟೆ.

ಚರ್ಚಿನಲ್ಲಿ ಸಾಲು ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಚೀಲದೊಳಗೆ ಇಣುಕಿ ಕೈ ಅಡ್ಡ ಹಿಡಿದಳು. ನನ್ನ ವಾರಿಗೆಯವಳೇ. “ಅಕ್ಕಿ ಎಲ್ಲ ಇಡೋ ಹಾಗಿಲ್ಲಮ್ಮಾ. ಇದು ಡಿವೋಷನ್ ಜಾಗ.”

ನನಗೆ ರೇಗಿತು. “ಡಿವೋಷನ್ ಅಂದ್ರೇನು ಗೊತ್ತಾ ಮೇಡಂ? ಲ್ಯಾಟಿನ್ನಲ್ಲಿ ಆ ಪದದೊಳಗೆ ಕೂತಿರೋದೇ ಹರಕೆ. ನಾವು ಹಾಕೋ ವೋಟೂ ಅಲ್ಲಿಂದ್ಲೇ ಬಂದಿರೋದು. ಹರಕೆ ತೀರ್ಸೋಕೆ ಬಂದೋರ್ನ ವಾಪಸ್ ಕಳ್ಸೋದು ಎಂಥ ಡಿವೋಷನ್ ರೀ? ನಾನಂತೂ ಕದಲಲ್ಲ.” ಅರ್ಧದಲ್ಲಿ ದನಿ ಒಡೆಯಿತು, ಆದರೂ ಮುಗಿಸಿದೆ. ಸಾಲಿಗೆ ಸಾಲೇ ತಿರುಗಿ ನೋಡಿತು.

“ನೀವು ಹೇಳೋದು ಸರಿ ಇರ್ಬೋದು,” ಎಂದಳು ಆಕೆ ಮೆಲ್ಲಗೆ. “ಆದ್ರೆ ಅಕ್ಕಿ ಚೆಲ್ಲಿದ್ರೆ ಜನ ತುಳೀತಾರಲ್ವಾ?”

ನಾನು ಚೀಲದ ಬಾಯಿ ಮಡಚಿ ಹಿಡಿದೆ.

ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. “ಹಾಗಾದ್ರೆ ನೀನು ಸೆರಗು ಹಿಡಿಯವ್ವಾ. ಆಯಮ್ಮನ ಬಾಗಿಲಲ್ಲಿ ನಿಂತಿರೋಳು ನೀನೇ ತಾನೇ? ಅವಳ ಪರವಾಗಿ ಈಸ್ಕೋ.”

ಆಕೆ ಒಮ್ಮೆ ಮಾತೆಯ ಕಡೆ, ಒಮ್ಮೆ ಸಾಲಿನ ಕಡೆ ನೋಡಿದಳು. ಆಮೇಲೆ ಸೆರಗು ಹರಡಿ ತಲೆ ಬಗ್ಗಿಸಿದಳು. ಅಮ್ಮ ಐದು ಬೊಗಸೆ ಅಕ್ಕಿ ಹಾಕಿ, ಮೇಲೆ ಬೆಲ್ಲ, ಕೊಬ್ಬರಿ, ಕಣ ಇಟ್ಟಳು. ಹರಕೆ ತೀರಿತೆಂದು ಉಸಿರು ಬಿಟ್ಟೆ.

ಆಕೆ ಹೋಗಲಿಲ್ಲ. ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅಮ್ಮನ ಕೈಗೆ ತಿರುಗಿ ಹಾಕಿದಳು. ತವರು ಬರಿದಾಗದಿರಲಿ ಎಂದು ಮಗಳಾದವಳು ಮಾಡುವ ಕೆಲಸ ಅದು, ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

“ನಮ್ಮಮ್ಮ ಹೋಗಿ ಆರು ವರ್ಷ ಆಯ್ತು,” ಎಂದಳು.