ಅವ್ವ ಹತ್ತದ ಸ್ಟೂಲು

ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಚಪ್ಪರದ ಜಾಜಿ ಹೂ ಕೀಳುವಾಗ ಅವ್ವ ಬಿದ್ದಳು. ಏಟೇನೂ ಆಗಲಿಲ್ಲ. ಆದರೆ ಹಾಸನದ ನಮ್ಮ ಹಿತ್ತಿಲಿನ ಮೇಲೆ ಅಣ್ಣನ ಕಣ್ಣು ಮೊದಲೇ ಬಿದ್ದಿತ್ತು. ಅವನಿಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು.

"ಇನ್ನೊಂದ್ಸಲ ನೀನ್ ಬಕೆಟ್ ಹತ್ತಿದ್ ಕಂಡ್ರೆ ಚಪ್ಪರ ಕಿತ್ತಾಕಿ ಸಿಮೆಂಟ್ ಮಾಡ್ಸ್ಬುಡ್ತೀನಿ ಕಣವ್ವ," ಅಂದ.

ಅಣ್ಣ ಸುಮ್ಮನೆ ಹೆದರಿಸುವ ಆಸಾಮಿಯಲ್ಲ. ಅಪ್ಪ ಹೋದ ಮೇಲೆ ಅವ್ವ ಯಾರೂ ಕರೆಯದೆ ತಾನಾಗಿ ಎದ್ದು ಹೋಗುತ್ತಿದ್ದುದು ಆ ಬಳ್ಳಿಯ ಹತ್ತಿರಕ್ಕೆ ಮಾತ್ರ. ಅದೂ ಹೋದರೆ ಅವಳು ಗೋಡೆ ನೋಡುತ್ತಾ ಕೂರುವುದೇ ಗತಿ ಎಂದು ನನಗೆ ಭಯವಾಯಿತು.

ಹಾಗಾಗಿ ಬಕೆಟ್ಟಿನ ಬದಲು ಮರದ ಸ್ಟೂಲು ಮಾಡಿಕೊಡುತ್ತೇನೆಂದು ಎದೆ ತಟ್ಟಿಕೊಂಡೆ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತವನಿಗೆ ಎದೆ ತಟ್ಟಿಕೊಳ್ಳಲು ಬೇಕಾದಷ್ಟು ಪುರುಸೊತ್ತಿತ್ತು. ಎರಡು ಮೆಟ್ಟಿಲು. ಮೇಲಿನ ಮೆಟ್ಟಿಲೇ ಮುಚ್ಚಳ, ಅದರ ಕೆಳಗೆ ಪೆಟ್ಟಿಗೆ. ಕತ್ತರಿ, ಬೀಜ, ಹೂಬುಟ್ಟಿ ಎಲ್ಲವೂ ಅದರೊಳಗೆ. ಕಾಗದದ ಮೇಲೆ ನಕ್ಷೆ ಎಷ್ಟು ಚೆನ್ನಾಗಿ ಬಂತೆಂದರೆ, ಊರಾಚೆಯ ಉಪಗ್ರಹ ಕೇಂದ್ರದವರು ನನ್ನನ್ನು ಇನ್ನೂ ಯಾಕೆ ಕೆಲಸಕ್ಕೆ ಕರೆದಿಲ್ಲವೆಂದು ನನಗೇ ಆಶ್ಚರ್ಯವಾಯಿತು.

ಅರಕಲಗೂಡಿನಲ್ಲಿ ಮಾವ ಹೊಗೆಸೊಪ್ಪು ಒಣಗಿಸುವ ಹಳೇ ಬ್ಯಾರನ್ ಕೆಡವಿದ್ದ. ಅದರ ಹಲಗೆಗಳನ್ನು ಹೊತ್ತು ಬಸ್ ಹತ್ತಿದೆ.

"ಮಂಚಕ್ಕಾ ಸಾ? ಮದ್ವೆ ಗೊತ್ತಾಯ್ತಾ?" ಎಂದು ಕಂಡಕ್ಟರ್ ಕೇಳಿದ.

"ಸ್ಟೂಲಿಗೆ."

"ಇಷ್ಟುದ್ದ ಹಲ್ಗೇಲಿ ಸ್ಟೂಲಾ? ಯಾರ್ ಕೂತ್ಕತರೆ, ಆನೇನಾ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಹಲಗೆ ಆಗಷ್ಟೇ ಕಾಲ ಮೇಲೆ ಬಿದ್ದಿದ್ದರಿಂದ ನನ್ನ ನಗುವಿನಲ್ಲಿ ಅಳುವೂ ಸೇರಿತ್ತು.

ಪೆಟ್ಟಿಗೆಯ ಒಳಮೂಲೆ ಕಾಣಲಿ ಎಂದು ಫೋನಿನ ಟಾರ್ಚ್ ಹಚ್ಚಿ ಒಳಗಿಟ್ಟೆ. ಅದನ್ನು ಅಲ್ಲೇ ಮರೆತು ಮೇಲಿನ ಹಲಗೆಗೆ ಮೊಳೆ ಬಡಿದೆ. ತೆರೆಯಬೇಕಾದ ಮುಚ್ಚಳಕ್ಕೆ ಮೊಳೆ ಯಾಕೆ ಬಡಿದೆ ಎಂದು ಕೇಳಬೇಡಿ, ಮೊಳೆ ಕೈಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ರಿಂಗಾಯಿತು. ಅಣ್ಣನ ಫೋನು. ಅವ್ವ ಬಗ್ಗಿ, ಪೆಟ್ಟಿಗೆಗೆ ಬಾಯಿ ಹತ್ತಿರ ತಂದು, "ನಿನ್ ತಮ್ಮ ಬುದ್ವಂತ ಕಣಪ್ಪ, ಆಮ್ಯಾಕ್ ಮಾಡು," ಅಂದಳು. ಅಪ್ಪ ಹೋದ ಮೇಲೆ ಅವಳು ತಮಾಷೆ ಮಾಡಿದ್ದು ಅದೇ ಮೊದಲು. ಇನ್ನೊಂದು ಫೋನಿದ್ದಿದ್ದರೆ ಅದನ್ನೂ ಒಳಗಿಟ್ಟು ಬಡಿಯುತ್ತಿದ್ದೆ.

ಮೊಳೆ ಕಿತ್ತು, ಮುಚ್ಚಳಕ್ಕೆ ಕೀಲು ಹಾಕಿ ಮುಗಿಸಿದೆ. ಅಣ್ಣ ಹತ್ತಿ, ಕುಣಿದು ನೋಡಿ, "ಪರ್ವಾಗಿಲ್ಲ ಕಣ್ಲಾ," ಅಂದ. ಅವ್ವ ಪೆಟ್ಟಿಗೆ ಒರೆಸಿ, ಬಿತ್ತನೆಯ ಅವರೆ ಬೀಜದ ಗಂಟನ್ನೂ ದೇವರ ಹೂಬುಟ್ಟಿಯನ್ನೂ ಒಳಗಿಟ್ಟಳು. ಮುಚ್ಚಿ, ಮುಚ್ಚಳಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದಳು. ಹತ್ತಲಿಲ್ಲ.

"ಹತ್ತವ್ವ."

"ಒಳ್ಗೆ ಬಿತ್ನೆ ಬೀಜ ಅದೆ, ದೇವ್ರ್ ಬುಟ್ಟಿ ಅದೆ. ಅದ್ರ ಮ್ಯಾಲ್ ಕಾಲಿಕ್ಲಾ?"

"ಈಚೆಗ್ ತೆಗಿತೀನಿ ಬುಡು."

"ಮಡುಗಿ, ಕೈ ಮುಗ್ದೂ ಆಯ್ತು. ಇನ್ನೆಂಗ್ಲಾ ತುಳಿಯದು?"

ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವನು ನಾನು. ಮೊರ ದಾಟಿದ್ದಕ್ಕೆ ಬೈಸಿಕೊಂಡವನು. ಅಂಥವನು ದೇವರ ಬುಟ್ಟಿಯನ್ನು ಅವ್ವನ ಕಾಲಡಿಗೆ ಇಟ್ಟು ನಕ್ಷೆ ಬರೆದಿದ್ದೆ. ಪೆಟ್ಟಿಗೆಯಿಲ್ಲದ ಇನ್ನೊಂದು ಮಾಡಿಕೊಡುತ್ತೇನೆಂದೆ. ಹಲಗೆಯೂ ಉಳಿದಿತ್ತು.

ಅದನ್ನು ಕೊಯ್ಯುವಷ್ಟರಲ್ಲಿ ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ಬಕೆಟ್ ಉರುಳಿದ ಸದ್ದಾಯಿತು. ಈ ಸಲ ಅವ್ವನ ಮಣಿಕಟ್ಟು ಮುರಿದಿತ್ತು.

ಅಣ್ಣ ಕೂಗಾಡಲಿಲ್ಲ. ಆಸ್ಪತ್ರೆಯಿಂದ ಬಂದು, "ನಾಳಿಕ್ ಮೇಸ್ತ್ರಿ ಬತ್ತನೆ. ಬಳ್ಳಿ ನೀನೇ ಬುಡ್ಸಾಕು," ಅಂದ. ಅವ್ವನ ಮುಖ ನೋಡಿದೆ. ಅವಳು ಎದ್ದು ಹಿತ್ತಿಲಿಗೆ ನಡೆದಳು.

ಚಪ್ಪರ ಎತ್ತರದಲ್ಲಿತ್ತು. ನಾನು ಬಕೆಟ್ ತರಲು ಹೊರಟೆ.

"ಬ್ಯಾಡ ಕಣ್ಲಾ, ಬಿದ್ದೀಯ."

ಅವ್ವ ಒಂದೇ ಕೈಯಲ್ಲಿ ಸ್ಟೂಲಿನ ಮುಚ್ಚಳ ತೆರೆದು, ಬೀಜದ ಗಂಟು ತೆಗೆದಳು, ಹೂಬುಟ್ಟಿ ತೆಗೆದಳು. ಮುಚ್ಚಿ, ಸೆರಗಿನಿಂದ ಕುಂಕುಮ ಒರೆಸಿದಳು. ಪೂರ್ತಿ ಹೋಗಲಿಲ್ಲ, ಸೆರಗು ಒದ್ದೆ ಮಾಡಿ ಮತ್ತೆ ಒರೆಸಿದಳು.

"ಈಗ್ ಹತ್ತು."

ಹತ್ತಿದೆ. ಕೆಳಗೆ ಅವ್ವ ಕೂತು, ಪಟ್ಟಿಯಿಲ್ಲದ ಕೈಯಿಂದ ಸ್ಟೂಲನ್ನು ಅದುಮಿ ಹಿಡಿದಿದ್ದಳು.

"ಆ ಕಡೆ ಮೊಗ್ಗವೆ," ಅಂದಳು. "ಮೊದ್ಲು ಅವುನ್ನ ಕಿತ್ಕೊ."

ಕಿತ್ತು ಅವಳ ಮಡಿಲಿಗೆ ಹಾಕಿದೆ. ಆಮೇಲೆ ಬಳ್ಳಿ ಕತ್ತರಿಸಿದೆ.