ಕಂಡಿದ್ದೋ ಮೇಡಂ ನೋಡದ ಕೋರ್ಟು

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಇಲ್ಲವೆಂದಲ್ಲ. ಆದರೆ ಕಾನೂನು ಕಾಲೇಜಿನಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಕಂಡಿದ್ದೋ ಮೇಡಂ’. ನಾಳೆ ರಜೆಯಂತೆ ಎಂದು ಯಾರಾದರೂ ಕುಣಿದುಕೊಂಡು ಬಂದರೆ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, “ಕಂಡಿದ್ದೋ, ಕೇಳಿದ್ದೋ?” ಎನ್ನುತ್ತಿದ್ದರು. ಕೇಳಿದ್ದು ಎಂದರೆ ಮುಗಿಯಿತು, ರಜೆಯ ಆಸೆ ಅಲ್ಲಿಗೇ ವಜಾ. ಕಣ್ಣಾರೆ ಕಂಡವರ ಮಾತು ಸಾಕ್ಷ್ಯ, ಕಿವಿಯಲ್ಲಿ ಕೇಳಿದವರದು ಬರೀ ಕಥೆ ಎನ್ನುವುದು ಅವರ ಮೊದಲ ಪಾಠ. ಕಂಡೆ ಎಂದವರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರಿಗಾಗಿಯೇ ಹುಟ್ಟಿದ್ದಿರಬೇಕು.

ಇಂಥವರ ಮನಸ್ಸಿನಲ್ಲೂ ಒಂದು ಕೊರಗಿತ್ತು. ಅವರು ಕಲಿಸುತ್ತಿದ್ದುದು ಯುದ್ಧಾಪರಾಧಗಳ ವಿಚಾರಣೆ ನಡೆಸುವ ಅಂತರರಾಷ್ಟ್ರೀಯ ನ್ಯಾಯಾಲಯದ ಪಾಠ. ವರ್ಷಾವರ್ಷ ಕಪ್ಪುಹಲಗೆಯ ಮೇಲೆ ಆ ಕೋರ್ಟಿನ ನಕ್ಷೆ ಬರೆಯುತ್ತಿದ್ದರು: ಇಲ್ಲಿ ನ್ಯಾಯಾಧೀಶರು, ಇಲ್ಲಿ ಅನುವಾದಕರ ಗಾಜಿನ ಕೋಣೆ, ಇಲ್ಲಿ ಆರೋಪಿ, ಆರೋಪಿಗೆ ನೇರ ಎದುರಿಗೆ ಸಾಕ್ಷಿಯ ಕುರ್ಚಿ. ಆ ಕೋರ್ಟನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಮೊದಲ ಸಲ ಆ ಕೋರ್ಟಿರುವ ವಿದೇಶಿ ಊರಿಗೆ ಅಧ್ಯಯನ ಪ್ರವಾಸಕ್ಕೆಂದು ಕಳಿಸಿದಾಗ ಅವರ ಅತ್ತೆ ಹಾಸಿಗೆ ಹಿಡಿದಿದ್ದರು. ಮುಂದಿನ ಸಲ ಮಗಳ ಹೆರಿಗೆ. ಅದರ ಮುಂದಿನ ಸಲ ಎಲ್ಲವೂ ಸರಿಯಿತ್ತು, ಆದರೆ ಪ್ರಿನ್ಸಿಪಾಲರಿಗೆ ಇದ್ದಕ್ಕಿದ್ದಂತೆ ಅಂತರರಾಷ್ಟ್ರೀಯ ಕಾನೂನಿನ ಮೇಲೆ ಪ್ರೀತಿ ಉಕ್ಕಿ, ಅವರೇ ಹೋಗಿ ಬಂದರು. ಬಂದವರು ವರ್ಣಿಸಿದ್ದು ಹೋಟೆಲಿನ ಹಾಸಿಗೆ ಎಷ್ಟು ಮೆತ್ತಗಿತ್ತು ಎಂಬುದನ್ನು ಮಾತ್ರ. ಈ ವರ್ಷ ಪರೀಕ್ಷೆ ಮುಗಿದೊಡನೆ ಮೇಡಂಗೆ ನಿವೃತ್ತಿ. ಈ ಸಲ ನೋಡದಿದ್ದರೆ ಇನ್ನು ನೋಡಿದ ಹಾಗೆಯೇ!

ಅಂತೂ ಈ ಸಲ ಹೊರಟರು. ವಿಮಾನ ನಿಲ್ದಾಣದಲ್ಲಿ ಒಬ್ಬಳು ವಿದ್ಯಾರ್ಥಿನಿಯ ತಾಯಿ ಮಗಳನ್ನು ಮುಂದೆ ನೂಕಿ, “ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕೋ ಪೈಕಿ ಇವಳು, ಮೇಡಂ. ನಿಮ್ಮ ಮಡಿಲಿಗೆ ಹಾಕಿದ್ದೀನಿ” ಎಂದರು. “ಹೋದ ಹಾಗೇ ತಂದು ಒಪ್ಪಿಸ್ತೀನಿ” ಎಂದು ಮೇಡಂ ಮಾತು ಕೊಟ್ಟರು. ಹುಡುಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಿಚಾರಣೆ ನೋಡಲು ಸಿಕ್ಕಿದ್ದು ಒಂದೇ ಬೆಳಿಗ್ಗೆ, ಅದೂ ಹಿಂದಿರುಗುವ ಹಿಂದಿನ ದಿನ. ಯುದ್ಧದಲ್ಲಿ ಹಳ್ಳಿಯೊಂದನ್ನು ಸುಡಿಸಿದ ಆರೋಪ ಹೊತ್ತ ಸೇನಾಧಿಕಾರಿಯ ಮೊಕದ್ದಮೆ; ಸಾಕ್ಷಿ ಹೇಳಲು ಆ ಹಳ್ಳಿಯ ಮುದುಕನೊಬ್ಬ ಬಂದಿದ್ದ. ಕೋರ್ಟಿನ ಗೇಟಿನಲ್ಲಿ ಎಲ್ಲರೂ ಸಾಲಾಗಿ ಪಾಸ್‌ಪೋರ್ಟ್ ತೋರಿಸುತ್ತಿದ್ದಾಗ ಹುಡುಗಿ ಚೀಲವನ್ನು ಬುಡಮೇಲು ಮಾಡಿದಳು. ಬಾಚಣಿಗೆ ಬಿತ್ತು, ಬಿಸ್ಕತ್ತಿನ ಪೊಟ್ಟಣ ಬಿತ್ತು. ಬೀಳಬೇಕಾದದ್ದು ಬೀಳಲಿಲ್ಲ.

“ಮೇಡಂ... ಹಾಸಿಗೆ ಕೆಳಗಿದೆ.”

“ಯಾರ ಹಾಸಿಗೆ ಕೆಳಗೆ?”

“ನಂದೇ. ಜೋಪಾನವಾಗಿಟ್ಕೋ ಅಂತ ಅಮ್ಮ ಹೇಳಿದ್ರು.”

ಯಾರೋ ಕಿಸಕ್ಕೆಂದರು. ಮೇಡಂ ಕನ್ನಡಕದ ಮೇಲಿಂದ ಒಮ್ಮೆ ನೋಡಿದ್ದೇ ತಡ, ನಗು ಬಂದ ದಾರಿಯಲ್ಲೇ ವಾಪಸ್ಸಾಯಿತು. ಲಾಡ್ಜು ಊರಿನ ಇನ್ನೊಂದು ತುದಿಯಲ್ಲಿತ್ತು.

“ನಾನೊಬ್ಬಳೇ ಹೋಗಿ ತರ್ತೀನಿ. ನೀವು ಒಳಗೆ ಹೋಗಿ ಮೇಡಂ, ದಮ್ಮಯ್ಯ.”

“ನಿನ್ನೆ ಲಾಡ್ಜಿನ ಪಕ್ಕದ ಅಂಗಡಿಗೆ ಹೋದವಳು ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿದೀಯ. ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೀನಿ. ನಡಿ.”

ಉಳಿದವರನ್ನು ಒಳಗೆ ಕಳಿಸಿ ಇಬ್ಬರೂ ಟ್ರ್ಯಾಮ್ ಹತ್ತಿದರು. ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಡಂ ಬೈಯಲಿಲ್ಲ, ಪೆಪ್ಪರ್‌ಮಿಂಟ್ ಕೊಟ್ಟು, ಗಡಿಯಾರ ನೋಡಿಕೊಂಡು, ಕೈಯನ್ನು ಕೋಟಿನ ಜೇಬಿಗೆ ಇಳಿಸಿದರು. ಆಮೇಲೆ ಮತ್ತೆ ತೆಗೆದು ನೋಡಿಕೊಂಡರು.

ಪಾಸ್‌ಪೋರ್ಟ್ ಹಿಡಿದು ಏದುಸಿರು ಬಿಡುತ್ತಾ ಮರಳಿದಾಗ ಕಾವಲುಗಾರ ಇಲ್ಲವೆಂಬಂತೆ ತಲೆಯಾಡಿಸಿದ. ಪ್ರೇಕ್ಷಕರ ಜಾಗ ಭರ್ತಿ. ಈಗಷ್ಟೇ ಒಬ್ಬರು ಎದ್ದು ಹೋಗಿದ್ದರಿಂದ ಒಂದು ಕುರ್ಚಿ ಮಾತ್ರ ಖಾಲಿ. ಸಾಕ್ಷಿ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು.

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಮೇಡಂ ಅವಳ ತೋಳು ಹಿಡಿದು ಮುಂದೆ ತಂದರು.

“ಇಲ್ಲ ಮೇಡಂ, ಸಾಧ್ಯವೇ ಇಲ್ಲ. ಇದು ನಿಮ್ಮ...”

“ವಾದ ಆಮೇಲೆ. ನಾನು ನೋಡಿದ್ರೆ ಇನ್ನೊಂದು ತಿಂಗಳು ಪಾಠಕ್ಕೆ ಬರುತ್ತೆ. ನೀನು ನೋಡಿದ್ರೆ ಬದುಕೆಲ್ಲ ವಕೀಲಿಕೆಗೆ ಬರುತ್ತೆ. ಸಾಕ್ಷಿ ಕುರ್ಚಿ ಯಾವ ಕಡೆ ತಿರುಗಿದೆ ನೋಡ್ಕೊಂಡು ಬಾ. ಹೋಗು!”

ಪ್ರೇಕ್ಷಕರನ್ನು ಬೇರೆಯಾಗಿಸಿದ್ದ ಗಾಜಿನ ಗೋಡೆಯ ಹಿಂದಿನ ಆ ಕುರ್ಚಿಯಲ್ಲಿ ಹುಡುಗಿ ಮುಳ್ಳಿನ ಮೇಲೆ ಕೂತಂತೆ ಕೂತಳು. ಆದರೆ ಆ ಮರೆಗುಳಿ ಬದುಕಿನಲ್ಲಿ ಮೊದಲ ಸಲ ಒಂದನ್ನೂ ಬಿಡದೆ ನೋಡಿದಳು.

ಹೊರಗೆ ಬಂದಾಗ ಮೇಡಂ ಚಳಿಗಾಳಿಯಲ್ಲಿ ಕಲ್ಲುಬೆಂಚಿನ ಮೇಲೆ, ತೀರ್ಪಿಗೆ ಕಾದ ಕಕ್ಷಿದಾರಳಂತೆ ನೆಟ್ಟಗೆ ಕೂತಿದ್ದರು. ಮೂಗು ಕೆಂಪಾಗಿತ್ತು. ಅದು ಚಳಿಗೋ ಇನ್ನೊಂದಕ್ಕೋ ಎಂದು ಹುಡುಗಿ ಕೇಳಲಿಲ್ಲ. ಮೇಡಂ ತಾವೇ ಹೇಳಿದರು: “ತುಂಬಾ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ? ಸರಿ, ಈಗ ಹೇಳು.”

ಊರಿಗೆ ಬಂದ ಮೇಲೆ, ಮೇಡಂ ಅವರ ಕೊನೆಯ ತರಗತಿಗೆ ಕೋಣೆ ಕಿಕ್ಕಿರಿದಿತ್ತು. ಅವರು ಎಂದಿನಂತೆ ಹಲಗೆಯ ಮೇಲೆ ಕೋರ್ಟಿನ ನಕ್ಷೆ ಬರೆದರು. ಸಾಕ್ಷಿಯ ಕುರ್ಚಿಯ ಜಾಗ ಬಂದಾಗ ಕೈ ನಿಲ್ಲಿಸಿ, ಹುಡುಗಿಯನ್ನು ಕರೆದು ಸೀಮೆಸುಣ್ಣ ಕೊಟ್ಟು, ತಾವು ಹೋಗಿ ಮೊದಲ ಬೆಂಚಿನಲ್ಲಿ ಕೂತರು.

ಹುಡುಗಿ ಕುರ್ಚಿಯನ್ನು ಬರೆದಳು. ಅದು ಆರೋಪಿಗೆ ಎದುರಾಗಿರಲಿಲ್ಲ, ನ್ಯಾಯಾಧೀಶರ ಕಡೆ ತಿರುಗಿತ್ತು. “ಆರೋಪಿ ಪಕ್ಕಕ್ಕಿರ್ತಾನೆ. ಅವನನ್ನು ನೋಡಬೇಕಂದ್ರೆ ಸಾಕ್ಷಿಯೇ ಕತ್ತು ತಿರುಗಿಸಬೇಕು. ಆ ಅಜ್ಜ ಎಲ್ಲ ಹೇಳಿ ಮುಗಿಸೋವರೆಗೂ ತಿರುಗಲಿಲ್ಲ. ಎದ್ದು ನಿಂತ ಮೇಲೆ ಒಂದೇ ಸಲ ತಿರುಗಿ ನೋಡಿದ. ತಲೆ ತಗ್ಗಿಸಿದ್ದು ಆರೋಪಿ.”

ಮೊದಲ ಬೆಂಚಿನಿಂದ ಕನ್ನಡಕದ ಮೇಲಿಂದ ಪ್ರಶ್ನೆ ಬಂತು: “ಕಂಡಿದ್ದೋ, ಕೇಳಿದ್ದೋ?”

“ಕಂಡಿದ್ದು, ಮೇಡಂ. ನಿಮ್ಮ ಕುರ್ಚಿಯಲ್ಲಿ ಕೂತು ಕಂಡಿದ್ದು.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪಕ್ಕದವನಿಂದ ಒಂದು ಹಾಳೆ ಕೇಳಿ ಪಡೆದು, ಹಲಗೆ ನೋಡಿಕೊಂಡು ಬರೆದುಕೊಳ್ಳತೊಡಗಿದರು.