ಲಕ್ಷ್ಮೀಶರ ಚೂರಿ, ಲಕ್ಷ್ಮೀಶರ ಕೈ

ನಮ್ಮ ಲಕ್ಷ್ಮೀಶರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ನಮ್ಮ ಮನೆಗೆ ಬಂದರೆ ಅವರಿಗೆಂದೇ ಬೇರೆ ಇಟ್ಟ ಸ್ಟೀಲ್ ಲೋಟದಲ್ಲಿ ನನ್ನ ಹೆಂಡತಿ ಫ್ರೀಡಾ ಕಾಫಿ ಕೊಡಬೇಕು. ಅಂಥ ಮನುಷ್ಯ ನೈರೋಬಿಯ ಪಂಗಾನಿ ಬಡಾವಣೆಯ ತಮ್ಮ ಮನೆಯ ಹಿತ್ತಲಲ್ಲಿ ಕೂತು ಎಂತ ಮಾಡುತ್ತಿದ್ದರು ಗೊತ್ತುಂಟಾ? ಬೇಟೆಗಾರರಿಗೆ ಪ್ರಾಣಿಯ ಚರ್ಮ ಸುಲಿಯುವ ಚೂರಿ. ನೈರೋಬಿಗೆ ಬಂದ ಹೊಸತರಲ್ಲಿ ಈ ಸುದ್ದಿ ಕೇಳಿ ನನಗೆ ತಡೆಯಲಿಕ್ಕೆ ಆಗಲಿಲ್ಲ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಸೀದಾ ಅವರ ಹಿತ್ತಲಿಗೇ ಹೋದೆ.

ನಾವಿಬ್ಬರೂ ಇಂಡಸ್ಟ್ರಿಯಲ್ ಏರಿಯಾದ ಒಂದೇ ಕಾರ್ಖಾನೆಯವರು. ನಾನು ಮಂಗಳೂರಿನವ, ಸೇಲ್ಸ್ ನೋಡಿಕೊಳ್ಳುವುದು. ಅವರು ಭದ್ರಾವತಿಯವರು, ಟೂಲ್ ರೂಮಿನ ಫೋರ್‌ಮನ್. ಅವರು ಭಟ್ಟರಲ್ಲ, ಆದರೂ ನಾನು ಭಟ್ರೇ ಅಂತಲೇ ಕರೆಯುವುದು. ಅವರು ಅದಕ್ಕೆ ಬೇಜಾರು ಮಾಡಿಕೊಂಡದ್ದಿಲ್ಲ, ಆಚೆಯಿಂದ ಪ್ಯಾಸ್ಕಲ್ ಎಂಬ ನನ್ನನ್ನು ಫಾದರ್ ಅಂತ ಕರೆದು ಬಾಕಿ ತೀರಿಸುತ್ತಿದ್ದರು.

ಹಿತ್ತಲಲ್ಲಿ ಒಂದು ಸಣ್ಣ ಇದ್ದಿಲ ಕುಲುಮೆ. ಗುಜರಿಯಿಂದ ತಂದ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಉಜ್ಜಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದು. ಆಮೇಲೆ ಒಂದು ಹಳೇ ಓವನ್ನಿನಲ್ಲಿ ಇಟ್ಟು ಹದಕ್ಕೆ ತರುವುದು. ಮೊದಲು ಅಡುಗೆಮನೆಯ ಓವನ್ನಿಗೇ ಕೈ ಹಾಕಿದ್ದರಂತೆ. ಅವರ ಹೆಂಡತಿ ಗಿರಿಜಕ್ಕ, "ಒಂದೋ ಅದಿರಬೇಕು, ಇಲ್ಲಾ ನಾನಿರಬೇಕು" ಅಂದದ್ದಕ್ಕೆ ಹಳೇದೊಂದು ಕೊಂಡು ತಂದದ್ದು. ಚೂರಿಯ ಬಾಯಿ ಹೊಟ್ಟೆ ಬಂದ ಹಾಗೆ ಬಾಗಿರುತ್ತದೆ, ತುದಿ ಸ್ವಲ್ಪ ಕೆಳಗೆ ಇಳಿದಿರುತ್ತದೆ, ಒಳಗಿನ ಕರುಳಿಗೆ ಚುಚ್ಚಬಾರದಲ್ಲ. ಹಿಡಿಗೆ ಎಂಪಿಂಗೊ ಎಂಬ ಇಲ್ಲಿಯ ಕರಿಮರ. ಅದನ್ನು ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಹೊಳಪು ಬರಿಸುತ್ತಿದ್ದರು.

"ಅಲ್ಲ ಭಟ್ರೇ, ನೀವು ಜನ್ಮದಲ್ಲಿ ಒಂದು ಕೋಳಿ ಕೊಯ್ದವರಲ್ಲ. ಇದು ಕೊಯ್ಯುತ್ತದೋ ಇಲ್ಲವೋ ಹೇಗೆ ಗೊತ್ತಾಗುವುದು?" ಅಂತ ಕೇಳಿದೆ.

"ಬಳೆ ಮಾಡೋನು ಬಳೆ ತೊಟ್ಕೊಂಡು ನೋಡ್ತಾನೇನ್ರೀ?" ಅಂದರು. ಅವರು ಪರೀಕ್ಷೆ ಮಾಡುತ್ತಿದ್ದದ್ದು ಟಯರಿನ ಟ್ಯೂಬು, ರಟ್ಟು, ಬಾಳೆದಿಂಡು, ಸಿಹಿಗುಂಬಳದ ಮೇಲೆ. ಅದೂ ಕೈ ತೊಳೆದು, ಒರೆಸಿಕೊಂಡು.

ಕೊಂಡುಹೋಗುವವರಿಗೆ ಒಂದು ಉಪದೇಶ ಇರುತ್ತಿತ್ತು. ಕೆಲಸ ಆದ ಕೂಡಲೇ ತೊಳೀರಿ, ರಕ್ತದಲ್ಲಿ ಉಪ್ಪಿದೆ, ಕಬ್ಬಿಣ ತಿನ್ನುತ್ತೆ. ಒಣಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಎಣ್ಣೆ ಸವರಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಒರೆ ತೇವ ಹಿಡಿದುಕೊಳ್ಳುತ್ತೆ. ಮೂಳೆ ಕಡಿಯೋಕೆ ಹೋಗ್ಬೇಡಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಯಾರೂ ಇಷ್ಟು ಹೇಳುವುದಿಲ್ಲ ಮಾರಾಯ್ರೆ. ರಕ್ತದಲ್ಲಿ ಉಪ್ಪುಂಟು ಅಂತ ಗೊತ್ತಿದ್ದ ಮನುಷ್ಯನಿಗೆ ರಕ್ತ ಕೈಗೆ ಹತ್ತಿದರೆ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ.

ಎರಡು ಸಾವಿರದ ಐದರಲ್ಲಿ ಜಸ್ಬೀರ್ ಸಿಂಗ್ ಬಂದರು. ವೆಸ್ಟ್‌ಲ್ಯಾಂಡ್ಸಿನ ಹಳೇ ಸರ್ದಾರ್ಜಿ, ಬಿಳಿ ಗಡ್ಡ, ದೊಡ್ಡ ಬೇಟೆಗಾರ. ಕೀನ್ಯಾದಲ್ಲಿ ದೊಡ್ಡ ಪ್ರಾಣಿಗಳ ಬೇಟೆ ಎಪ್ಪತ್ತೇಳರಲ್ಲೇ ನಿಂತದ್ದರಿಂದ ಅವರು ಲೈಸೆನ್ಸ್ ಮಾಡಿಸಿಕೊಂಡು ಗಡಿ ದಾಟಿ ಟಾಂಜಾನಿಯಾಕ್ಕೆ ಹೋಗುವುದು. ಇಂಥವರ ಸೊಂಟದಲ್ಲಿ ತಮ್ಮ ಚೂರಿ ಇರಬೇಕು ಎಂಬುದು ಲಕ್ಷ್ಮೀಶರ ಬಹಳ ದಿನದ ಆಸೆ. ಕಾರ್ಖಾನೆ ಅವರಿಗೆ ಸಂಬಳ ಮಾತ್ರ, ಬದುಕು ಇದ್ದದ್ದು ಹಿತ್ತಲಲ್ಲಿ. ಸರ್ದಾರ್ಜಿ ಚೂರಿ ತೆಗೆದುಕೊಂಡು ಹೋದ ದಿನ ಆ ಮನುಷ್ಯ ಟೂಲ್ ರೂಮಿನಲ್ಲಿ ಎಲ್ಲರಿಗೂ ಮಂಡಾಜಿ ಎಂಬ ಇಲ್ಲಿಯ ಸಿಹಿ ಬೋಂಡ ತರಿಸಿ ಕೊಟ್ಟರು.

ಸರ್ದಾರ್ಜಿ ವಾಪಸು ಬಂದಾಗ ಬಲ ಅಂಗೈಗೆ ಅಡ್ಡಡ್ಡ ಹೊಲಿಗೆ. ನಾನೂ ಹಿತ್ತಲಲ್ಲೇ ಇದ್ದೆ. ಚೂರಿಯನ್ನು ಮೇಜಿನ ಮೇಲಿಟ್ಟು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು, "ಹರಿತ ಚೆನ್ನಾಗಿದೆ, ಲಕ್ಷ್ಮೀಶ್. ಆದರೆ ಅರ್ಧ ಸುಲಿಯುವಾಗ ಕೈಯಲ್ಲೇ ತಿರುಗಿ ಬಿಟ್ಟಿತು. ನಾನು ಯಾರಿಗೂ ಹೇಳುವುದಿಲ್ಲ. ಇನ್ನು ಇದನ್ನು ಒಯ್ಯುವುದೂ ಇಲ್ಲ." ಬೈದಿದ್ದರೆ ವಾಸಿಯಿತ್ತು.

ಆಮೇಲೆ ಕುಲುಮೆ ಹೊತ್ತಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋದೆ. "ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ಮುದುಕನ ಕೈ ನಡುಗಿರಬೇಕು, ಬಿಡಿ ಅತ್ಲಾಗೆ" ಅಂದೆ.

"ನೆಲ ಮಾಡಿದವನು ನಾನು ಕಣ್ರೀ. ಡೊಂಕಿದೆಯೋ ಇಲ್ವೋ ನಾನೇ ನೋಡಬೇಕಲ್ಲ" ಅಂದರು. ಆಮೇಲೆ ಸಣ್ಣ ಸ್ವರದಲ್ಲಿ ಕೇಳಿದರು, "ಪ್ಯಾಸ್ಕಲ್, ಕೊಬ್ಬು ಅಂದ್ರೆ ಮುಟ್ಟೋಕೆ ಹ್ಯಾಗಿರುತ್ತೆ?"

ಎಣ್ಣೆ ಹಾಗೆ ಅಂದೆ, ಅಲ್ಲ. ಮೇಣದ ಹಾಗೆ ಅಂದೆ, ಅದೂ ಅಲ್ಲ. ಹುಟ್ಟಿದಾಗಿನಿಂದ ಹಂದಿ ತಿಂದವ ನಾನು, ಇಷ್ಟು ಹೇಳಲಿಕ್ಕೆ ಬರಲಿಲ್ಲ. "ನೀರಿಗಿಳಿಯದೆ ಈಜು ಬರುವುದಿಲ್ಲ ಭಟ್ರೇ. ಶನಿವಾರ ಮನೆಗೆ ಬನ್ನಿ" ಅಂದೆ. ತಮಾಷೆಗೆ ಅಂದದ್ದು. ಅವರು ಬಂದೇ ಬಿಟ್ಟರು.

ಭಾನುವಾರದ ಬಫಾತ್ ಸಾರಿಗೆ ಫ್ರೀಡಾ ಹಂದಿಮಾಂಸ ತೊಳೆಯುತ್ತಿದ್ದಳು. ಲಕ್ಷ್ಮೀಶರು ಅಂಗಳದಲ್ಲಿ ತೋಳು ಮಡಚಿ ನಿಂತು, "ಒಂದು ಸ್ವಲ್ಪ ಕೊಬ್ಬು ಕೊಡ್ತೀರಾಮ್ಮ" ಅಂತ ಕೇಳಿದಾಗ ಅವಳು ಅಳುವುದೋ ನಗುವುದೋ ತಿಳಿಯದೆ ನನ್ನ ಮುಖ ನೋಡಿದಳು. ಅವರು ಅದನ್ನು ಎರಡು ಅಂಗೈಗೂ ತಿಕ್ಕಿಕೊಂಡರು. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು, ಆದರೆ ಕಣ್ಣು ಮಾತ್ರ ಕೈಯ ಮೇಲೇ. ಮೂಸಿದರು, ಬೆರಳಿಗೆ ಬೆರಳು ಉಜ್ಜಿದರು. ಆಮೇಲೆ ಚೂರಿ ಹಿಡಿದು ಒಂದು ಹಳೇ ಟಯರಿಗೆ ಒತ್ತಿದರು. ಆ ಹೊಳಪಿನ ಹಿಡಿ ಮೀನಿನ ಹಾಗೆ ಮುಷ್ಟಿಯೊಳಗೇ ಹೊರಳಿತು.

"ನಾನು ಇಷ್ಟು ದಿನ ಸಾಬೂನು ಮಾಡಿ ಮಾರಿದೀನಿ" ಅಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಟ್ಟರು.

ಅಲ್ಲಿಂದ ಪ್ರತಿ ಶನಿವಾರ ನಮ್ಮಲ್ಲಿ ಇದೇ ಕೆಲಸ. ಹಿಡಿಯ ಹೊಳಪು ಅರದಿಂದ ಕೆರೆದು ತೆಗೆದರು. ಮಧ್ಯದಲ್ಲಿ ಅಂಗೈ ತುಂಬುವಷ್ಟು ಉಬ್ಬು ಬಿಟ್ಟರು, ಬೆರಳು ಮುಂದೆ ಜಾರದ ಹಾಗೆ ಒಂದು ತಡೆ ಇಟ್ಟರು. ಒಂದು ಹಿಡಿ ಮಾಡುವುದು, ಕೊಬ್ಬು ಹಚ್ಚಿ ನೋಡುವುದು, ಬಿಸಾಡುವುದು. ಗಿರಿಜಕ್ಕನಿಗೆ ಓವರ್‌ಟೈಮ್ ಅಂತ ಹೇಳಿಟ್ಟಿದ್ದರು.

ಹೆಂಡಂದಿರಿಗೆ ಗೊತ್ತಾಗದೆ ಇರುವುದುಂಟಾ. ಒಂದು ಶನಿವಾರ ಗಿರಿಜಕ್ಕ ಕಾರ್ಖಾನೆಗೆ ಫೋನ್ ಮಾಡಿದ್ದಾರೆ, ಗೇಟಿನವ ಸಾಹೇಬರು ಆಗಲೇ ಹೋದರು ಅಂದಿದ್ದಾನೆ. ಮಟಾಟು ವ್ಯಾನು ಹತ್ತಿ ನಮ್ಮಲ್ಲಿಗೆ ಬಂದರೆ ಗಂಡ ಮಣಿಕಟ್ಟಿನವರೆಗೂ ಹಂದಿ ಕೊಬ್ಬು ಮೆತ್ತಿಕೊಂಡು ನಿಂತಿದ್ದಾರೆ. ಫ್ರೀಡಾ ಮೆಲ್ಲಗೆ ಒಳಗೆ ಹೋದಳು. ನನಗೆ ಎಲ್ಲಿಗೆ ಹೋಗುವುದು ಅಂತ ತಿಳಿಯಲಿಲ್ಲ.

ಗಿರಿಜಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅಂದರು, "ಮನೇಲಿ ತುಪ್ಪದ ಡಬ್ಬಿ ಇರ್ಲಿಲ್ವೇನ್ರೀ? ಬಿಸಿ ಮಾಡಿದ್ರೆ ಜಾರುತ್ತೆ, ಆರಿದ್ರೆ ಗಟ್ಟಿಯಾಗುತ್ತೆ. ಇನ್ನೇನ್ ಬೇಕಿತ್ತು ನಿಮಗೆ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಬ್ಬರು ಗಂಡಸರ ತಲೆಗೆ ಇದು ಹೊಳೆದಿರಲಿಲ್ಲ. ನನಗೆ ನಗು ತಡೆಯಲಿಲ್ಲ, ಆದರೆ ಗಿರಿಜಕ್ಕ ನಗಲಿಲ್ಲ. "ನೀವು ಮುಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ. ಓವರ್‌ಟೈಮ್ ಅಂದ್ರಲ್ಲ, ಅದಕ್ಕೆ" ಅಂದು ಬಂದ ದಾರಿಯಲ್ಲೇ ಹೊರಟರು. ಲಕ್ಷ್ಮೀಶರು ಕೈ ತೊಳೆದುಕೊಂಡು ಹಿಂದಿನಿಂದ ಓಡಿದರು.

ಕೊನೆಗೆ ಹಿಡಿ ತುಪ್ಪಕ್ಕೂ ಜಾರಲಿಲ್ಲ, ಕೊಬ್ಬಿಗೂ ಜಾರಲಿಲ್ಲ. ಸರ್ದಾರ್ಜಿಯ ಮನೆಗೆ ಕೊಂಡುಹೋದೆವು. ಅವರು ಚೂರಿಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಗಾಯ ಒಣಗಿದ್ದ ಬಲಗೈ ತೊಡೆಯ ಮೇಲೆಯೇ ಇತ್ತು. "ಅಲ್ಲಿ ಕಾಡಿನಲ್ಲಿ ರಕ್ತ, ಕೂದಲು, ಮಣ್ಣು ಎಲ್ಲ ಒಟ್ಟಿಗೇ ಇರುತ್ತದೆ ತಮ್ಮಾ. ನನ್ನ ಕೈಯನ್ನು ಇನ್ನೊಂದು ಸಲ ಕೊಡುವುದಿಲ್ಲ. ಜುಲೈಯಲ್ಲಿ ಹೋಗುತ್ತೇನೆ, ನೀನೂ ಬಾ. ಮೊದಲು ಚೂರಿ ಮಾಡಿದವನ ಕೈ, ಆಮೇಲೆ ನನ್ನದು" ಅಂದರು.

ಲಕ್ಷ್ಮೀಶರು ಹೂಂ ಅಂದು ಬಿಟ್ಟರು. ಮನೆಯಲ್ಲಿ ಈ ಸಲ ಸುಳ್ಳು ಹೇಳಲಿಲ್ಲ. ಗಿರಿಜಕ್ಕ ಅವಲಕ್ಕಿ, ಚಟ್ನಿಪುಡಿ ಕಟ್ಟಿ ಕೊಟ್ಟರು.

ಅವರು ತಿರುಗಿ ಬಂದ ದಿನ ವೆಸ್ಟ್‌ಲ್ಯಾಂಡ್ಸಿಗೆ ಕಾರು ತೆಗೆದುಕೊಂಡು ಹೋದದ್ದು ನಾನೇ. ನನಗೆ ಕೇಳುವ ಅವಸರ. ಟ್ರಾಫಿಕ್ ಜಾಮಿನಲ್ಲಿ ನಿಂತಾಗ ಅವರೇ ಹೇಳಲು ಶುರು ಮಾಡಿದರು.

"ಇಂಪಾಲ ಕಣ್ರೀ, ಗಂಡು ಜಿಂಕೆ. ಸರ್ದಾರ್ಜಿ ಹಿಂಗಾಲು ಎತ್ತಿ ಹಿಡ್ಕೊಂಡು ಇಲ್ಲಿಂದ ಎಳಿ ಅಂದ್ರು. ಎಳೆದೆ. ಚರ್ಮ ಬಿಡ್ತಾ ಬಂತು. ಕೈ ಪೂರ್ತಿ ಒಳಗೆ ಹೋಯ್ತು." ಕಾರಿನ ಗಾಜು ಇಳಿಸಿದರು. "ಬಿಸಿ ಇತ್ತು ಪ್ಯಾಸ್ಕಲ್. ಅದನ್ನ ನಂಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಚೂರಿ ಮಾಡಿದೀನಿ, ಒಳಗೆ ಬಿಸಿ ಇರುತ್ತೆ ಅಂತ ಒಂದು ದಿನಕ್ಕೂ ಯೋಚನೆ ಬಂದಿಲ್ಲ."

"ಚೂರಿ?" ಅಂದೆ.

"ಅರ್ಧಕ್ಕೆ ಸರ್ದಾರ್ಜಿ ನನ್ನ ಕೈಯಿಂದ ಇಸ್ಕೊಂಡ್ರು. ಬಲಗೈಯಲ್ಲಿ. ಮಿಕ್ಕಿದ್ದು ಅವರೇ ಸುಲಿದ್ರು. ವಾಪಸ್ ಕೊಡಲಿಲ್ಲ." ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅದು ಸಂತೋಷವೂ ಹೌದು, ಆ ಜಿಂಕೆಯ ಸಂಕಟವೂ ಹೌದು, ಎರಡನ್ನೂ ಅವರೇ ಬಾಯಿಬಿಟ್ಟು ಹೇಳಿದರು.

ಪಂಗಾನಿಯಲ್ಲಿ ಗಿರಿಜಕ್ಕ ಮುಂದಿನ ಬಾಗಿಲಲ್ಲೇ ನಿಂತಿದ್ದರು. ಹಿತ್ತಲ ನಲ್ಲಿಯ ಹತ್ತಿರ ಬಿಸಿನೀರು, ಒಗೆದ ಪಂಚೆ, ಎಲ್ಲ ತಯಾರು. ಸ್ನಾನ ಮಾಡದೆ ಹೊಸ್ತಿಲು ದಾಟುವ ಹಾಗಿಲ್ಲ ಅಂತ ಬೆಳಗ್ಗೆಯೇ ನನಗೆ ಫೋನಿನಲ್ಲಿ ಹೇಳಿದ್ದರು. ಲಕ್ಷ್ಮೀಶರು ಅದು ಗೊತ್ತಿದ್ದವರ ಹಾಗೆ ಗೇಟಿನ ಪಕ್ಕದಿಂದ ಹಿತ್ತಲ ಕಡೆಗೆ ತಿರುಗಿದರು.

"ನಿಲ್ಲಿ, ಕೈ ತೋರಿಸಿ" ಅಂದರು ಗಿರಿಜಕ್ಕ.

ಲಕ್ಷ್ಮೀಶರು ಹಿಂದೆ ಸರಿದರು. "ಇನ್ನೂ ಸ್ನಾನ ಆಗಿಲ್ಲ ಕಣೇ."

ಗಿರಿಜಕ್ಕ ಮೆಟ್ಟಿಲಿಳಿದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಅಂಗೈ ನೋಡಿದರು, ಮಗುಚಿ ನೋಡಿದರು, ಒಂದೊಂದೇ ಬೆರಳು ಬಿಡಿಸಿ ನೋಡಿದರು. ಎಲ್ಲಿಯೂ ಒಂದು ಗೀರು ಸಹ ಇರಲಿಲ್ಲ. ಆಮೇಲೆ ಆ ಕೈ ಬಿಡದೆ, ಮುಂದಿನ ಬಾಗಿಲಿಂದಲೇ ಅವರನ್ನು ಒಳಗೆ ಕರೆದುಕೊಂಡು ಹೋದರು.